ಫೆಬ್ರವರಿ 5ರ ಕೆಲಸ

ಮಂಡ್ಯದಲ್ಲಿ ನಾವು ಪ್ರತಿ ವರ್ಷ ಫೆಬ್ರವರಿ 4ಕ್ಕೆ ಕ್ಯಾನ್ಸರ್ ಜಾಗೃತಿ ಜಾಥಾ, ಅದರ ಬೆನ್ನಿಗೇ ತಪಾಸಣಾ ಶಿಬಿರ ಮಾಡುತ್ತೇವೆ. ನಾನಿರುವುದು ಒಂದು ಸಣ್ಣ ಟ್ರಸ್ಟ್‌ನಲ್ಲಿ, ಫೀಲ್ಡ್ ಕೋಆರ್ಡಿನೇಟರ್ ಕೆಲಸ. ಅದಕ್ಕೆ ಮುಂಚೆ ಸ್ಟಾಫ್ ನರ್ಸ್ ಆಗಿದ್ದೆ. ಡಿಸೆಂಬರ್ ಕೊನೆಯಿಂದಲೇ ಓಡಾಟ ಶುರು. ಪೊಲೀಸ್ ಪರ್ಮಿಷನ್, ಮೈದಾನದ ಪತ್ರ, ನರ್ಸಿಂಗ್ ಕಾಲೇಜಿನ ಮಕ್ಕಳನ್ನು ಒಪ್ಪಿಸುವುದು, ಶಾಮಿಯಾನ, ಫ್ಲೆಕ್ಸ್, ಆಶಾ ಕಾರ್ಯಕರ್ತೆಯರಿಗೆ ಫೋನು, ತಿಂಡಿ ಪೊಟ್ಟಣ. ಮೀಟಿಂಗ್‌ಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ವೇದಿಕೆ ಮೇಲೆ ಯಾರು ಯಾರ ಪಕ್ಕ ಕೂರಬೇಕು ಅನ್ನುವ ವಿಷಯ. ಶಿಬಿರದಲ್ಲಿ ಪಾಸಿಟಿವ್ ಬಂದವರು, ಅಂದರೆ ಅನುಮಾನದ ಲಕ್ಷಣ ಕಂಡವರು, ಮಾರನೆಯ ದಿನ ಎಲ್ಲಿಗೆ ಹೋಗಬೇಕು ಅನ್ನುವುದು ಹೋದ ವರ್ಷದ ತನಕ ಅಜೆಂಡಾದಲ್ಲಿ ಒಂದು ಸಲವೂ ಬಂದಿರಲಿಲ್ಲ.

ಈ ದಿನಕ್ಕೆ ಒಂದು ಹಿನ್ನೆಲೆ ಇದೆ. 2000ದ ಫೆಬ್ರವರಿ 4ರಂದು ಪ್ಯಾರಿಸ್‌ನಲ್ಲಿ ನಡೆದ ಸಮಾವೇಶದಲ್ಲಿ ಒಂದು ಸನ್ನದಿಗೆ ಸಹಿ ಬಿತ್ತು. ಸಂಶೋಧನೆ ಹೆಚ್ಚಬೇಕು, ರೋಗ ತಡೆಯಬೇಕು, ಬೇಗ ಪತ್ತೆ ಹಚ್ಚಬೇಕು, ರೋಗಿಯ ಹಕ್ಕು ಕಾಪಾಡಬೇಕು ಅಂತ ಅದರಲ್ಲಿದೆ. ಆ ದಿನವೇ ವಿಶ್ವ ಕ್ಯಾನ್ಸರ್ ದಿನ ಆಯಿತು. ನಮ್ಮಲ್ಲಿ ನವೆಂಬರ್ 7, ಅಂದರೆ ಮೇರಿ ಕ್ಯೂರಿ ಹುಟ್ಟಿದ ದಿನ, ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ. ಎರಡಕ್ಕೂ ಕಾರ್ಯಕ್ರಮ ಮಾಡುತ್ತೇವೆ, ದೊಡ್ಡದು ಫೆಬ್ರವರಿಯದು.

ಹೋದ ವರ್ಷ ನಮ್ಮ ಟ್ರಸ್ಟಿ ಒಬ್ಬರು ಕೆನಡಾದಲ್ಲಿ ಮಗಳ ಮನೆಗೆ ಹೋಗಿದ್ದಾಗ ಟೆರಿ ಫಾಕ್ಸ್ ಓಟ ನೋಡಿಕೊಂಡು ಬಂದಿದ್ದರು. ನಾವೂ ಹಾಗೇ ಮಾಡೋಣ, ಜಾಥಾ ಬದಲು ಓಟ, ಎಲ್ಲರಿಗೂ ಟೀ ಶರ್ಟ್ ಅಂದರು. ಟೆರಿ ಫಾಕ್ಸ್ ಅನ್ನುವ ಆ ಹುಡುಗನ ಕಥೆ ಕೇಳಿದರೆ ಯಾರಿಗಾದರೂ ಮೈ ಜುಂ ಅನ್ನುತ್ತದೆ. ಮೂಳೆ ಕ್ಯಾನ್ಸರ್‌ನಿಂದ ಒಂದು ಕಾಲು ಹೋಗಿತ್ತು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ಕೆನಡಾ ಉದ್ದಕ್ಕೂ ಓಡಲು ಹೊರಟ. 143 ದಿನ, 5,373 ಕಿ.ಮೀ. ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು. 1981ರ ಜೂನ್‌ನಲ್ಲಿ ತೀರಿಕೊಂಡ, ಅದೇ ಸೆಪ್ಟೆಂಬರ್‌ನಲ್ಲಿ ಅವನ ಹೆಸರಿನ ಮೊದಲ ಓಟ ನಡೆಯಿತು. ಅದು ಸ್ಪರ್ಧೆ ಅಲ್ಲ, ಪ್ರವೇಶ ಶುಲ್ಕ ಇಲ್ಲ, ಜನ ಕೊಟ್ಟ ದುಡ್ಡು ಸಂಶೋಧನೆಗೆ ಹೋಗುತ್ತದೆ.

ನಾನು ಮೀಟಿಂಗ್‌ನಲ್ಲಿ ಹೇಳಿದ್ದು ಇಷ್ಟೇ: ಸರ್, ಅವರ ಓಟ ದುಡ್ಡು ಕೂಡಿಸುವುದಕ್ಕೆ. ಮಾರನೆಯ ದಿನ ಅವರು ದುಡ್ಡು ಎಣಿಸುತ್ತಾರೆ, ಅದರ ಲೆಕ್ಕ ಕೊಡುತ್ತಾರೆ. ನಾವು ದುಡ್ಡು ಕೂಡಿಸುವುದಿಲ್ಲ, ಜನರನ್ನು ಕೂಡಿಸುತ್ತೇವೆ. ಮಾರನೆಯ ದಿನ ನಾವು ಕೊಡಬೇಕಾದ ಲೆಕ್ಕ ಜನರದು. ಎಲ್ಲರೂ ತಲೆದೂಗಿದರು. ಟೀ ಶರ್ಟ್‌ಗೆ ಆರ್ಡರ್ ಹೋಯಿತು. ಶಿಬಿರದಲ್ಲಿ ಪಾಸಿಟಿವ್ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನು ಕೇಳಿದ್ದ ವಾಹನ 'ಆಮೇಲೆ ನೋಡೋಣ' ಆಯಿತು.

ಶಿಬಿರದ ದಿನ ಬಾಯಿ ತಪಾಸಣೆಗೆ ಬರಬೇಕಿದ್ದ ಇಬ್ಬರು ಡೆಂಟಲ್ ಡಾಕ್ಟರ್‌ಗಳಲ್ಲಿ ಒಬ್ಬರೇ ಬಂದರು. ಕ್ಯೂ ಬೆಳೆಯುತ್ತಿತ್ತು, ಹಾಗಾಗಿ ಪಕ್ಕದ ಟೇಬಲ್‌ಗೆ ನಾನೇ ಕೂತೆ. ಟಾರ್ಚು, ಗ್ಲೌಸು, ಮರದ ಸ್ಪ್ಯಾಚುಲಾ ಇಷ್ಟಿದ್ದರೆ ತರಬೇತಿ ಆದವರು ಬಾಯಿ ನೋಡಬಹುದು. ಇದನ್ನು ಕಡೆಗಣಿಸಬೇಡಿ. ಕೇರಳದ ತಿರುವನಂತಪುರದಲ್ಲಿ ಡಾಕ್ಟರ್ ಅಲ್ಲದ ಆರೋಗ್ಯ ಕಾರ್ಯಕರ್ತರೇ ಮನೆ ಮನೆಗೆ ಹೋಗಿ ಬರಿಗಣ್ಣಿನಲ್ಲಿ ಬಾಯಿ ನೋಡಿದ ದೊಡ್ಡ ಅಧ್ಯಯನ ಇದೆ, 2005ರಲ್ಲಿ ಪ್ರಕಟವಾಗಿದ್ದು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ ಆಗಿತ್ತು. ಮುಂಬೈನಲ್ಲಿ ಗರ್ಭಕೊರಳಿನ ತಪಾಸಣೆ (ವಿಐಎ) ವಿಷಯದಲ್ಲೂ ಹೀಗೇ: ತರಬೇತಿ ಪಡೆದ ಹೆಣ್ಣುಮಕ್ಕಳು ಗರ್ಭಕೊರಳಿಗೆ ವಿನೆಗರ್ ಹಚ್ಚಿ ಬರಿಗಣ್ಣಿನಲ್ಲಿ ನೋಡಿದ್ದಕ್ಕೆ ಗರ್ಭಕೊರಳಿನ ಕ್ಯಾನ್ಸರ್ ಸಾವು 31% ಇಳಿಯಿತು. ಸಂಶೋಧನೆ ಅಂದರೆ ಬರೀ ಲ್ಯಾಬು, ಮೆಷೀನು ಅಂದುಕೊಂಡವರಿಗೆ ನಾನು ಇವೆರಡನ್ನೂ ಹೇಳುತ್ತಿರುತ್ತೇನೆ. ಆದರೆ ತಿರುವನಂತಪುರದಲ್ಲೂ ಡಾಕ್ಟರ್ ಹತ್ತಿರ ಕಳಿಸಿದವರಲ್ಲಿ ಹಲವರು ಹೋಗಲೇ ಇಲ್ಲ. ಆ ಸಾಲನ್ನು ನಾನು ಓದಿದ್ದೆ, ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹತ್ತೂವರೆ ಹೊತ್ತಿಗೆ ಒಬ್ಬ ಅಜ್ಜಿ ಬಂದು ಕೂತರು. ಮಳವಳ್ಳಿ ಕಡೆ ಹಳ್ಳಿ, ನಾಟಿ, ಕಳೆ ಅಂತ ಕೂಲಿಗೆ ಹೋಗುವವರು. ಎಲೆ ಅಡಿಕೆ ಜೊತೆ ಕಡ್ಡಿಪುಡಿ (ತಂಬಾಕಿನ ಪುಡಿ) ಎಷ್ಟೋ ವರ್ಷದ ಅಭ್ಯಾಸ. ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿ ಬಾಯಿ ತೆಗೆಸಿದೆ. ಮೂರು ಬೆರಳು ಹೋಗಲಿಲ್ಲ, ಎರಡಕ್ಕೇ ಬಿಗಿ. ಎಡಗೆನ್ನೆಯ ಒಳಮೈಯಲ್ಲಿ, ಕೆಳದವಡೆಗೆ ತಾಗುವ ಕಡೆ, ಕಡ್ಡಿಪುಡಿ ಉಂಡೆ ಒತ್ತಿಕೊಳ್ಳುವ ಜಾಗದಲ್ಲೇ ದಪ್ಪನೆಯ ಬಿಳಿ ಮಚ್ಚೆ ಇತ್ತು. ಸ್ಪ್ಯಾಚುಲಾದಿಂದ ಒರೆಸಿದರೆ ಹೋಗಲಿಲ್ಲ. ಮಚ್ಚೆಯ ನಡುವೆ ಅವರೆಕಾಳಿನಷ್ಟು ಕೆಂಪು ಹುಣ್ಣು. ಬೆರಳಿಟ್ಟು ಒತ್ತಿದೆ. ಅಂಚು ಗಟ್ಟಿಯಾಗಿತ್ತು.

"ನೋವಿದ್ಯಾ ಅಜ್ಜಿ?"

"ಇಲ್ಲ ಕಣವ್ವ. ಖಾರ ತಿಂದ್ರೆ ಉರೀತದೆ, ಅಷ್ಟೇಯ."

ನೋವಿಲ್ಲದ ಗಟ್ಟಿ ಹುಣ್ಣಿಗೇ ನಾನು ಹೆಚ್ಚು ಹೆದರುವುದು. ಫಾರಂ ಬರೆಯುತ್ತಾ, ಮುಂಚೆ ಯಾರಿಗಾದರೂ ತೋರಿಸಿದ್ದೀರಾ ಅಂತ ಕೇಳಿದೆ. "ಹೋದ್ವರ್ಸ ಇಲ್ಲೇ ತೋರ್ಸಿದ್ನಲ್ಲವ್ವ. ಇದೇ ಟೆಂಟು. ಚೀಟಿ ಕೊಟ್ಟಿದ್ರಿ."

ಅದೇ ಹೊತ್ತಿಗೆ ಮೈಕಿನಲ್ಲಿ ಮುಖ್ಯ ಅತಿಥಿಗಳು ಬಂದರು, ಎಲ್ಲರೂ ವೇದಿಕೆ ಮುಂಭಾಗಕ್ಕೆ ಬರಬೇಕು ಅಂತ ಕೂಗು. ನನ್ನ ಫೋನಿಗೆ ಡೈರೆಕ್ಟರ್ ಕಾಲ್: ತಪಾಸಣೆ ನಿಲ್ಲಿಸಿ, ಜನರನ್ನು ಈ ಕಡೆ ಕಳಿಸಿ, ಕುರ್ಚಿ ಖಾಲಿ ಕಾಣ್ತಿದೆ. ನಾನು ಫೋನ್ ಕಿವಿಗಿಟ್ಟುಕೊಂಡೇ ಅಜ್ಜಿಗೆ ಕೇಳಿದೆ, ದನಿ ಗಡುಸಾಗಿಯೇ ಇತ್ತು: "ಚೀಟಿ ಕೊಟ್ಟ ಮೇಲೆ ಯಾಕೆ ಹೋಗಲಿಲ್ಲ?" ಇಷ್ಟು ವರ್ಷದ ಕೆಲಸದಲ್ಲಿ ನಾವೆಲ್ಲ ನಂಬಿಕೊಂಡಿದ್ದು ಅದನ್ನೇ. ಜನ ಹೆದರಿ ಹೋಗುವುದಿಲ್ಲ, ಅಸಡ್ಡೆ ಮಾಡುತ್ತಾರೆ, ನಾಟಿ ವೈದ್ಯಕ್ಕೆ ಹೋಗುತ್ತಾರೆ ಅಂತ.

ಅಜ್ಜಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದಿತ್ತು, ಒಂದು ಮೂಲೆ ಸುಣ್ಣ ಹತ್ತಿ ಬೆಳ್ಳಗಾಗಿತ್ತು. ನಮ್ಮದೇ ರೆಫರಲ್ ಚೀಟಿ. ಮೇಲೆ ಟ್ರಸ್ಟ್ ಹೆಸರು, ಪ್ರಾಯೋಜಕರ ಲೋಗೋ. ಕೆಳಗೆ ಒಂದೇ ಸಾಲು: 'ಹೆಚ್ಚಿನ ತಪಾಸಣೆಗಾಗಿ ಮೇಲ್ದರ್ಜೆ ಆಸ್ಪತ್ರೆಗೆ ಹೋಗುವುದು.' ಯಾವ ಆಸ್ಪತ್ರೆ, ಯಾವ ವಾರ, ಎಷ್ಟನೇ ನಂಬರ್ ಕೊಠಡಿ, ಯಾರನ್ನು ಕೇಳಬೇಕು, ಒಂದೂ ಇಲ್ಲ. ಹಿಂಬದಿಯಲ್ಲಿ ಯಾರೋ ಪೆನ್ನಿನಲ್ಲಿ 'ಬುಧ' ಅಂತ ಗೀಚಿದ್ದರು.

"ಹೋಗಿದ್ದೆ ಕಣವ್ವ. ಹಲ್ಲು ಡಾಕ್ಟ್ರು ಇಲ್ಲ, ಬುಧ್ವಾರ ಬಾ ಅಂದ್ರು. ಬುಧ್ವಾರ ಹೋದ್ರೆ ಮೀಟಿಂಗಿಗೆ ಹೋಗವ್ರೆ ಅಂದ್ರು. ಇನ್ನೊಂದಪ ಹೋದಾಗ ಈ ಚೀಟಿ ಇಲ್ಲಿಗಲ್ಲ, ದೊಡ್ಡಾಸ್ಪತ್ರೆಗೆ ಹೋಗು ಅಂದ್ರು. ದೊಡ್ಡಾಸ್ಪತ್ರೆ ಅಂದ್ರೆ ಯಾವ್ದು ಅಂತ ನಂಗೇನ್ ಗೊತ್ತು? ಒಂದೊಂದು ಸಲ ಹೋದ್ರೂ ಕೂಲಿ ಹೋಯ್ತದೆ. ನೀವೇ ಫೋನ್ ಮಾಡ್ತೀರ ಅಂದಿದ್ರಿ, ಅದ್ಕೆ ಸುಮ್ನಾದೆ."

ಪಕ್ಕದಲ್ಲಿದ್ದ ನಮ್ಮ ಡೇಟಾ ಎಂಟ್ರಿ ಹುಡುಗ ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ವರ್ಷದ ಲೈನ್ ಲಿಸ್ಟ್, ಅಂದರೆ ತಪಾಸಣೆ ಆದವರ ಪಟ್ಟಿ, ತೆಗೆದ. ಅಜ್ಜಿ ಹೆಸರಿತ್ತು. ಬಾಯಿ: ಪಾಸಿಟಿವ್. ಸ್ಟೇಟಸ್: ರೆಫರ್ಡ್. ಹಸಿರು ಬಣ್ಣ. ಫೋನ್ ನಂಬರ್ ಕಾಲಂ ನೋಡಿದರೆ ಆ ಊರಿನವರಿಗೆಲ್ಲ ಒಂದೇ ನಂಬರ್, ಅವರನ್ನು ಟೆಂಪೋದಲ್ಲಿ ಕರೆತಂದಿದ್ದ ಸಂಘದ ಪ್ರತಿನಿಧಿಯದು. ಆ ನಂಬರಿಗೆ ಆಗಲೇ ಕಾಲ್ ಮಾಡಿಸಿದೆ. ಸ್ವಿಚ್ ಆಫ್. ನಮ್ಮ ವಾರ್ಷಿಕ ವರದಿಯಲ್ಲಿ ಆ ಶಿಬಿರದ ಪಾಸಿಟಿವ್‌ಗಳೆಲ್ಲ ರೆಫರ್ಡ್, ನೂರಕ್ಕೆ ನೂರು ಅಂತ ಅಚ್ಚಾಗಿತ್ತು. ಆ ಪುಟ ಟೈಪ್ ಮಾಡಿಸಿದ್ದು ನಾನು.

ಡೈರೆಕ್ಟರ್ ಇನ್ನೂ ಲೈನಿನಲ್ಲೇ ಇದ್ದರು. ಸರ್, ಕ್ಯೂ ನಿಲ್ಲಿಸುವುದಿಲ್ಲ ಅಂದೆ. ಒಂದು ಕ್ಷಣ ಆ ಕಡೆ ಮಾತಿಲ್ಲ. ಆಮೇಲೆ 'ಸಂಜೆ ಮಾತಾಡೋಣ' ಅಂತ ಇಟ್ಟರು. ನರ್ಸಿಂಗ್ ಮಕ್ಕಳು ಹೋಗಿ ಖಾಲಿ ಕುರ್ಚಿ ತುಂಬಿದರು, ಕಾರ್ಯಕ್ರಮ ನಡೆಯಿತು. ನಾನು ಮೈಸೂರಿನಲ್ಲಿ ಪರಿಚಯವಿದ್ದ ಓರಲ್ ಸರ್ಜನ್ ಒಬ್ಬರಿಗೆ ಫೋನ್ ಮಾಡಿ, ಹುಣ್ಣಿನ ಅಳತೆ, ಬಾಯಿ ಎಷ್ಟು ತೆರೆಯುತ್ತದೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ ಅನ್ನುವುದನ್ನೆಲ್ಲ ಹೇಳಿದೆ. ನಾಳೆಯೇ ಹತ್ತು ಗಂಟೆಯೊಳಗೆ ಕಳಿಸಿ, ಬಯಾಪ್ಸಿ ನಾನೇ ತೆಗೆಯುತ್ತೇನೆ ಅಂದರು. ಟ್ರಸ್ಟ್ ಗಾಡಿ ಅತಿಥಿಗಳನ್ನು ಬಿಡಲು ಬುಕ್ ಆಗಿತ್ತು. ಮಾರನೆಯ ದಿನ ನಮ್ಮ ಕೌನ್ಸೆಲರ್ ಅಕ್ಕ, ಅಜ್ಜಿ ಮತ್ತು ಅವರ ಸೊಸೆಯನ್ನು ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು.

ರಿಪೋರ್ಟ್ ನಾವು ಹೆದರಿದಂತೆಯೇ ಬಂತು, ಆದರೆ ಕುತ್ತಿಗೆಗೆ ಹಬ್ಬಿರಲಿಲ್ಲ. ಆಪರೇಷನ್ ಆಯಿತು, ಆಯುಷ್ಮಾನ್ ಕಾರ್ಡಿನಲ್ಲಿ ಖರ್ಚು ನೀಗಿತು. ಹಿಂದಿನ ವರ್ಷವೇ ಬಂದಿದ್ದರೆ ಇಷ್ಟು ಕತ್ತರಿಸುವ ಅಗತ್ಯ ಇರುತ್ತಿರಲಿಲ್ಲವೇನೋ ಅಂತ ಡಾಕ್ಟರ್ ಹೇಳಿದರು. ಅಜ್ಜಿ ಈಗ ಚೆಕಪ್‌ಗೆ ಬರುತ್ತಿದ್ದಾರೆ. ಮುದ್ದೆ ನುಂಗಲು ತೊಂದರೆ ಇಲ್ಲವಂತೆ, ರೊಟ್ಟಿ ಆಗುವುದಿಲ್ಲ. ಕಡ್ಡಿಪುಡಿ ಬಿಟ್ಟಿದ್ದಾರೆ. ಆ ಒಂದು ವರ್ಷಕ್ಕೆ ನಾನು ಯಾವ ಸಮಾಧಾನವನ್ನೂ ಹೇಳಿಕೊಳ್ಳುವುದಿಲ್ಲ.

ಸಂಜೆಯ ಮಾತುಕತೆ ಸುಲಭ ಇರಲಿಲ್ಲ. ಶಿಷ್ಟಾಚಾರ ಗೊತ್ತಿಲ್ಲ ಅನ್ನಿಸಿಕೊಂಡೆ. ಆದರೆ ಅಜ್ಜಿಯ ಚೀಟಿಯನ್ನು ಮೇಜಿನ ಮೇಲೆ ಇಟ್ಟ ಮೇಲೆ ಮಾತು ಬೇರೆ ದಾರಿ ಹಿಡಿಯಿತು, ಟ್ರಸ್ಟಿಯವರೇ ಅದನ್ನು ಎತ್ತಿಕೊಂಡು ಎರಡೂ ಬದಿ ಓದಿದರು. ಅಲ್ಲಿಂದೀಚೆಗೆ ಕೆಲವು ಬದಲಾಗಿವೆ. ಯಾವ ಆಸ್ಪತ್ರೆಗೆ ಕಳಿಸುತ್ತೇವೋ ಅಲ್ಲಿಂದ ಇಂಥ ವಾರ, ಇಂಥ ಕೊಠಡಿ, ಇಷ್ಟು ಜನ ಅಂತ ಪತ್ರ ಬಂದ ಮೇಲೆಯೇ ಶಿಬಿರದ ಸಂಖ್ಯೆ ನಿಗದಿ. ಅವರು ವಾರಕ್ಕೆ ಹತ್ತು ಜನರನ್ನು ನೋಡುತ್ತೇವೆ ಅಂದರೆ ಸಾವಿರ ಜನ ಸೇರಿಸಿ ಪ್ರಯೋಜನವಿಲ್ಲ. ಫೋನ್ ನಂಬರ್ ಬರೆದುಕೊಂಡ ಕೂಡಲೇ ಅಲ್ಲೇ ಮಿಸ್ಡ್ ಕಾಲ್ ಕೊಟ್ಟು ನೋಡುತ್ತೇವೆ. ಸ್ವಂತ ಫೋನ್ ಇಲ್ಲದವರಿಗೆ ಅಕ್ಕಪಕ್ಕದ ಮನೆಯದು, ಆಶಾ ಅವರದು, ಎರಡೂ ಬೇಕು. 'ರೆಫರ್ಡ್' ಅನ್ನುವುದಕ್ಕೆ ಇನ್ನು ಹಸಿರು ಬಣ್ಣ ಇಲ್ಲ. ಡಾಕ್ಟರ್ ನೋಡಿದರು ಅಂತ ಖಾತ್ರಿಯಾದ ಮೇಲೆಯೇ ಹಸಿರು, ಅಲ್ಲಿಯವರೆಗೆ ಕೆಂಪು. ಮೊದಲ ತಿಂಗಳು ಶೀಟ್ ಪೂರ್ತಿ ಕೆಂಪಾಗಿ ಕಂಡಾಗ ವರದಿ ಹೇಗೆ ಕಳಿಸುವುದು ಅಂತ ಆಫೀಸಿನಲ್ಲಿ ಗಾಬರಿ. ಹಾಗೇ ಕಳಿಸಿ ಅಂದೆ.

ಭಾಷಣ, ಫ್ಲೆಕ್ಸ್ ವಿಷಯದಲ್ಲಿ ನನ್ನ ಜಗಳ ಇನ್ನೂ ಮುಗಿದಿಲ್ಲ. ಪ್ರತಿ ಸಲ ಸಿಗರೇಟಿಗೆ ಅಡ್ಡಗೆರೆ ಎಳೆದ ಚಿತ್ರ ಪ್ರಿಂಟ್ ಆಗಿ ಬರುತ್ತದೆ. ನಮ್ಮ ಶಿಬಿರಕ್ಕೆ ಬರುವ ಹೆಂಗಸರಲ್ಲಿ ಸಿಗರೇಟು ಸೇದುವವರನ್ನು ನಾನು ಕಂಡಿಲ್ಲ. ಅವರು ಹಾಕುವುದು ಕಡ್ಡಿಪುಡಿ, ಹೊಗೆಸೊಪ್ಪು. ಕಡ್ಡಿಪುಡಿ ತಂಬಾಕು ಗಿಡದ ಕಾಂಡದ ಪುಡಿಯೇ ಅಂತ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಬರೀ ಅಡಿಕೆ ಅಗಿಯುತ್ತೇನೆ, ಅದಕ್ಕೇನಾಗುತ್ತೆ ಅನ್ನುವವರಿಗೂ ಹೇಳಬೇಕು, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಪ್ರಕಟಿಸಿದೆ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು, ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಹುಡುಗರು ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾರೆ. ಈ ಮಾತುಗಳನ್ನು ಅವರ ಬಾಯಿ ನೋಡುತ್ತಾ ಟೇಬಲ್ ಹತ್ತಿರ ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ವೇದಿಕೆಯಿಂದ ಹೇಳಿದರೆ ಇಲ್ಲ.

ಹೊಸ ಚೀಟಿಯಲ್ಲಿ ಆಸ್ಪತ್ರೆ ಹೆಸರು, ಕೊಠಡಿ ನಂಬರ್, ವಾರ, ಬಸ್ ಇಳಿಯಬೇಕಾದ ಜಾಗ, ಅಲ್ಲಿ ಕೇಳಬೇಕಾದವರ ಹೆಸರು, ನಮ್ಮ ಫೋನ್ ನಂಬರ್ ಇವೆ. ಅಕ್ಷರ ದಪ್ಪ, ಲೋಗೋ ಇಲ್ಲ. ಅರ್ಧ ಹರಿದು ರೋಗಿಗೆ ಕೊಡುತ್ತೇವೆ, ಇನ್ನರ್ಧ ನಮ್ಮ ಹತ್ತಿರ ಉಳಿಯುತ್ತದೆ. ಫೆಬ್ರವರಿ 5ರ ಬೆಳಿಗ್ಗೆ ಅದನ್ನು ಹಿಡಿದು ಕೌನ್ಸೆಲರ್ ಫೋನಿಗೆ ಕೂರುತ್ತಾರೆ. ಬೇರೆ ತಾಲ್ಲೂಕಿನಲ್ಲಿ ಇಂಥ ಶಿಬಿರ ಮಾಡುವವರಿಗೆ ಇದರ ನಮೂನೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.