ನಿಮ್ಮ ಪೆಡಲ್ ಸ್ಟೀಲ್ ಕಛೇರಿಗೆ ಹುಡುಗರು ಏಕೆ ಬರುವುದಿಲ್ಲ?

ಮೂರು ತಿಂಗಳಿಗೊಮ್ಮೆ ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ನಾನು ನಡೆಸುವ ಪೆಡಲ್ ಸ್ಟೀಲ್ ಗಿಟಾರ್ ಕಾರ್ಯಕ್ರಮ ಮುಗಿದು, ವಾದ್ಯದ ಕಾಲುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: "ಸರ್, ವಾದನವೇನೋ ಚೆನ್ನಾಗಿತ್ತು, ಆದರೆ ಎಲ್ಲಿ ನೋಡಿದರೂ ಬಿಳಿ ತಲೆಗಳೇ. ಹುಡುಗರನ್ನು ಕರೆತರಲು ಏನಾದರೂ ಮಾಡಬಾರದೇ?" ಕೇಳುವವರ ತಲೆಯೂ ಸಾಮಾನ್ಯವಾಗಿ ನನ್ನದರಷ್ಟೇ ಬೆಳ್ಳಗಿರುತ್ತದೆ. ಪೆಟ್ಟಿಗೆ ಸಮೇತ ಸುಮಾರು 30 ಕಿಲೋ ತೂಗುವ ವಾದ್ಯವನ್ನು ಎತ್ತುವ ಆ ಗಳಿಗೆಯಲ್ಲಿ ಸಮಾಧಾನದ ಉತ್ತರ ಹೊರಡುವುದು ಕಷ್ಟವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವಾದ್ಯದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಪೆಡಲ್ ಸ್ಟೀಲ್ ಎಂಬುದು ಎದೆಗೆ ಅಪ್ಪಿಕೊಂಡು ನುಡಿಸುವ ಗಿಟಾರ್ ಅಲ್ಲ. ನಾಲ್ಕು ಕಾಲುಗಳ ಮೇಲೆ ಹೊಲಿಗೆ ಯಂತ್ರದಂತೆ ನಿಲ್ಲುವ, ಹತ್ತು ತಂತಿಗಳ, ಅದೂ ಹೆಚ್ಚಾಗಿ ಎರಡು ಸಾಲು ಹತ್ತು ತಂತಿಗಳ ವಾದ್ಯ. ಎಡಗೈಯಲ್ಲಿ ಹಿಡಿದ ಉಕ್ಕಿನ ದುಂಡು ಸಲಾಕೆ ತಂತಿಗಳ ಮೇಲೆ ಜಾರುತ್ತದೆ, ಬಲಗೈಯ ಬೆರಳುಗಳು ಮೀಟುತ್ತವೆ, ಎಡಗಾಲು ಪೆಡಲುಗಳನ್ನು ಒತ್ತುತ್ತದೆ, ಬಲಗಾಲು ವಾಲ್ಯೂಮ್ ಪೆಡಲನ್ನು ಏರಿಳಿಸುತ್ತದೆ, ಎರಡೂ ಮಂಡಿಗಳು ಅಕ್ಕಪಕ್ಕದ ಲಿವರುಗಳನ್ನು ತಳ್ಳುತ್ತಿರುತ್ತವೆ. ಪ್ರತಿ ಪೆಡಲಿಗೂ ಸರಳು, ಸರಳಿನ ತುದಿಗೆ ತಿರುಗುವ ತುಂಡು, ಅದರಿಂದ ಇನ್ನೊಂದು ಸರಳು, ಕೊನೆಗೆ ತಂತಿ. ಆರಿಸಿದ ತಂತಿ ಮಾತ್ರ ಒಂದು ಅಥವಾ ಎರಡು ಸ್ವರಸ್ಥಾನ ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಉಳಿದವು ನಿಂತಲ್ಲೇ ನಿಂತಿರುತ್ತವೆ. ವೀಣೆಯಲ್ಲಿ ತಂತಿಯನ್ನು ಎಳೆದು ಮಾಡುವ ಗಮಕವನ್ನು ಇಲ್ಲಿ ಕಾಲು ಮಾಡುತ್ತದೆ ಎಂದು ನಾನು ಹಿರಿಯರಿಗೆ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ, ಆದರೆ ಹತ್ತಿರದ ಮಾತು.

ನಮ್ಮ ದೇಶಕ್ಕೆ ಬಂದದ್ದು ಈ ಮನೆತನದ ಹಿರಿಯ ಶಾಖೆ, ಅಂದರೆ ಪೆಡಲುಗಳಿಲ್ಲದ ಸ್ಟೀಲ್ ಗಿಟಾರ್ ಅಥವಾ ಹವಾಯಿಯನ್ ಗಿಟಾರ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯ ಓಆಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ ಆರಂಭಿಸಿದನೆಂದು ಹೇಳಲಾಗುವ ಜಾರು ವಾದನ, 1940ರ ದಶಕದಲ್ಲಿ ಟಾವು ಮೋ ಅವರಂಥ ಕಲಾವಿದರು ಕಲ್ಕತ್ತೆಯಲ್ಲಿ ನೆಲೆಸಿದಾಗ ಇಲ್ಲಿ ಬೇರು ಬಿಟ್ಟಿತು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಹಿಂದುಸ್ತಾನಿ ಸಂಗೀತಕ್ಕೆ ಒಗ್ಗಿಸಿದರು, ವಿಶ್ವಮೋಹನ್ ಭಟ್ ಮೋಹನವೀಣೆಯಾಗಿಸಿ 1994ರಲ್ಲಿ ಗ್ರ್ಯಾಮಿ ಪಡೆದರು. ಪೆಡಲುಗಳ ಶಾಖೆ ಮಾತ್ರ ಬಹುಮಟ್ಟಿಗೆ ಅಮೆರಿಕದಲ್ಲೇ ಉಳಿಯಿತು. 1954ರಲ್ಲಿ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಬಡ್ ಐಸಾಕ್ಸ್ ಪೆಡಲ್ ಒತ್ತಿ ತಂತಿಯನ್ನು ಮಿಡಿಯುತ್ತಿರುವಾಗಲೇ ಏರಿಸಿದ ಸದ್ದು ಕೇಳಿ, ಆ ದೇಶದ ಸ್ಟೀಲ್ ವಾದಕರು ತಮ್ಮ ವಾದ್ಯಗಳಿಗೆ ಪೆಡಲ್ ಜೋಡಿಸಲು ಮುಂದಾದರು. ಆ ಬಳಿಕ ಅದು ಕಂಟ್ರಿ ಎಂಬ ಅಲ್ಲಿನ ಹಳ್ಳಿಗಾಡಿನ ಜನಪ್ರಿಯ ಸಂಗೀತದ ಅಳುವ ದನಿಯೆಂದೇ ಹೆಸರಾಯಿತು. ಕೆಲಸದ ನಿಮಿತ್ತ ಕೆಲವು ವರ್ಷ ಅಲ್ಲಿದ್ದ ನಾನು ಮರಳುವಾಗ ಹಳೆಯದೊಂದನ್ನು ಕೊಂಡು ತಂದೆ. ಅದರ ಮುರಿದ ಒಂದು ಸರಳನ್ನು ಪೀಣ್ಯದ ಲೇತ್ ಅಂಗಡಿಯವರು ಅರ್ಧ ದಿನದಲ್ಲಿ ಮೂಲಕ್ಕಿಂತ ನಯವಾಗಿ ಮಾಡಿಕೊಟ್ಟಾಗ, ಇದು ಬೆಂಗಳೂರಿನಲ್ಲಿ ಬದುಕಬಲ್ಲ ವಾದ್ಯವೆಂಬ ಧೈರ್ಯ ಬಂತು.

ಈಗ ಪ್ರಶ್ನೆಗೆ ಬರುತ್ತೇನೆ. ಹುಡುಗರಿಗೆ ಈ ನಾದ ಹಿಡಿಸುವುದಿಲ್ಲ ಎಂಬ ಊಹೆಯೇ ತಪ್ಪು. ಅವರು ಅದನ್ನು ಹೆಸರು ತಿಳಿಯದೆ ಕೇಳುತ್ತಲೇ ಬೆಳೆದಿದ್ದಾರೆ. ಲೂನಿ ಟ್ಯೂನ್ಸ್ ಕಾರ್ಟೂನಿನ ಆರಂಭದಲ್ಲಿ ಸುಯ್ಯೆಂದು ಏರುವ ಸದ್ದು ಫ್ರೆಡ್ಡಿ ತವಾರೆಸ್ ನುಡಿಸಿದ ಸ್ಟೀಲ್ ಗಿಟಾರಿನದು. ಸ್ಪಂಜ್‌ಬಾಬ್ ಕಾರ್ಟೂನಿನ ತುಂಬ ಹವಾಯಿಯನ್ ಗಿಟಾರ್ ತೇಲುತ್ತದೆ. 2024ರಲ್ಲಿ ಬಿಯಾನ್ಸೆ ಹೊರತಂದ ಕೌಬಾಯ್ ಕಾರ್ಟರ್ ಆಲ್ಬಮ್ಮಿನ ಒಂದು ಹಾಡಿನಲ್ಲಿ ರಾಬರ್ಟ್ ರಾಂಡಾಲ್ಫ್ ಅವರ ಪೆಡಲ್ ಸ್ಟೀಲ್ ಇದೆ. ರಾತ್ರಿ ಕೋಡ್ ಬರೆಯುವಾಗ ಕಿವಿಗೆ ಹಚ್ಚಿಕೊಳ್ಳುವ ಮಂದ ಸಂಗೀತದ ಪಟ್ಟಿಗಳಲ್ಲಿಯೂ, 1983ರಲ್ಲಿ ಬ್ರಯನ್ ಈನೋ ಅವರ ಅಪೊಲೊ ಆಲ್ಬಮ್ಮಿಗೆ ಡೇನಿಯಲ್ ಲಾನ್ವಾ ನುಡಿಸಿದ ಪೆಡಲ್ ಸ್ಟೀಲಿನ ಜಾಡು ಹಿಡಿದು ಬಂದ ನಾದ ಸಾಕಷ್ಟಿದೆ. ಹೀಗಿರುವಾಗ ಕೊರತೆಯಿರುವುದು ಅವರ ಕಿವಿಯಲ್ಲಲ್ಲ, ನಾವು ಕಾರ್ಯಕ್ರಮ ನಡೆಸುವ ಕ್ರಮದಲ್ಲಿ.

ನನಗೆ ಸಿಗುವ ಸಲಹೆಗಳಲ್ಲಿ ಮೊದಲನೆಯದು "ಸಿನಿಮಾ ಹಾಡು ಬಾರಿಸಿ" ಎಂಬುದು. ಅದನ್ನು ಎರಡು ಬಾರಿ ಮಾಡಿ ನೋಡಿದ್ದೇನೆ. ಪಲ್ಲವಿ ಗುರುತಾದೊಡನೆ ಹಿರಿಯರು ತಾಳ ಹಾಕಿದರು, ಕಿರಿಯರು ಮೊಬೈಲ್ ಎತ್ತಿ ಅರ್ಧ ನಿಮಿಷ ಚಿತ್ರೀಕರಿಸಿ ಕೆಳಗಿಟ್ಟರು. ಹಾಡು ಗುರುತಾದ ಕ್ಷಣಕ್ಕೆ ಕೇಳುಗ ಮನಸ್ಸಿನಲ್ಲಿ ಗಾಯಕನ ದನಿಯನ್ನೇ ಕೇಳತೊಡಗುತ್ತಾನೆ. ಮುಂದಿರುವ ವಾದ್ಯ ಮಾಯವಾಗುತ್ತದೆ. ಮೂಲ ಹಾಡೇ ಜೇಬಿನಲ್ಲಿರುವವನಿಗೆ ನನ್ನ ನಕಲಿನ ಹಂಗೇಕೆ? ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೊಫೋನಿಗೆ ಜನರನ್ನು ಸೇರಿಸಿದ್ದು ಅದರ ಮೇಲೆ ಜನಪ್ರಿಯ ಹಾಡು ನುಡಿಸಿಯಲ್ಲ. ಆ ಲೋಹದ ಕೊಳವೆಯಿಂದ ಗಮಕ ಹೊರಡುವುದು ಸಾಧ್ಯವೇ ಎಂಬ ಕುತೂಹಲವನ್ನು ಅವರು ಪ್ರತಿ ಕಛೇರಿಯಲ್ಲೂ ಕಣ್ಣೆದುರೇ ತಣಿಸುತ್ತಿದ್ದರು.

ಇನ್ನೊಂದು ನಿದರ್ಶನ ಈ ವಾದ್ಯದ ಚರಿತ್ರೆಯಲ್ಲೇ ಇದೆ, ನಾನು ಮತ್ತೆ ಮತ್ತೆ ಅದಕ್ಕೆ ಮರಳುತ್ತೇನೆ. ಅಮೆರಿಕದ ಹೌಸ್ ಆಫ್ ಗಾಡ್ ಎಂಬ ಕಪ್ಪು ಜನರ ಚರ್ಚುಗಳಲ್ಲಿ 1930ರ ದಶಕದ ಕೊನೆಯಿಂದ ಸ್ಟೀಲ್ ಗಿಟಾರ್ ಪ್ರಾರ್ಥನೆಯ ವಾದ್ಯವಾಗಿದೆ. ವಿಲ್ಲಿ ಈಸನ್ ಅವರಿಂದ ಬೆಳೆದ ಈ ಪರಂಪರೆಯಲ್ಲಿ ವಾದಕ ಪಾದ್ರಿಯ ಮಾತಿಗೆ ಉತ್ತರ ಕೊಡುತ್ತಾನೆ, ಹಾಡುವವರ ದನಿಯನ್ನು ಅನುಕರಿಸುತ್ತಾನೆ, ಜನ ಎದ್ದು ಕುಣಿಯುವವರೆಗೆ ಬಿಡುವುದಿಲ್ಲ. ನ್ಯೂಜೆರ್ಸಿಯ ಅಂಥದೊಂದು ಚರ್ಚಿನಲ್ಲಿ ಬೆಳೆದ ರಾಬರ್ಟ್ ರಾಂಡಾಲ್ಫ್ 2000ದ ಸುಮಾರಿಗೆ ಹೊರಬಂದು ರಾಕ್ ವಾದ್ಯವೃಂದಗಳೊಂದಿಗೆ ನುಡಿಸಿದಾಗ ಕಾಲೇಜು ಹುಡುಗರು ತಂಡತಂಡವಾಗಿ ಬಂದರು. ಅದೇ ತಂತಿಗಳು, ಅದೇ ಪೆಡಲುಗಳು. ನೈಜೀರಿಯದಲ್ಲಿಯೂ ಇದೇ ಕಥೆ: ಕಿಂಗ್ ಸನ್ನಿ ಅಡೆ ಜೂಜೂ ಎಂಬ ಅಲ್ಲಿನ ಜನಪ್ರಿಯ ಸಂಗೀತದ ತಮ್ಮ ತಂಡಕ್ಕೆ ಪೆಡಲ್ ಸ್ಟೀಲನ್ನು ಸೇರಿಸಿ, ಮಾತನಾಡುವ ಡೋಲುಗಳ ನಡುವೆ ಅದನ್ನು ಕುಣಿತದ ವಾದ್ಯವಾಗಿಸಿದರು. ಹೀಗಾಗಿ ವಾದ್ಯ ಮುದಿಯಾಯಿತೆಂಬ ಮಾತು ಬಂದಾಗ ನಾನು ಒಪ್ಪುವುದಿಲ್ಲ. ಮುದಿಯಾದದ್ದು ಅದರ ಸುತ್ತ ಕುಳಿತ ನಾವು.

ಇದು ಬರಿಯ ವಿನೋದದ ಮಾತಲ್ಲ. ಸೇಂಟ್ ಲೂಯಿಸ್ ನಗರದಲ್ಲಿ ದಶಕಗಳ ಕಾಲ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಅಂತರರಾಷ್ಟ್ರೀಯ ಸ್ಟೀಲ್ ಗಿಟಾರ್ ಸಮ್ಮೇಳನಕ್ಕೆ ನಾನು ಒಮ್ಮೆ ಹೋಗಿದ್ದೆ. ಬೆಳಗಿನಿಂದ ರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರು ವಾದಕರು. ನಾನು ಮಾತಾಡಿಸಿದವರೆಲ್ಲ ಸ್ವತಃ ನುಡಿಸುವವರು. ಅವರು ಕಿವಿಗಿಂತ ಹೆಚ್ಚಾಗಿ ಕಣ್ಣನ್ನು ವಾದಕನ ಕಾಲಿನ ಮೇಲಿಟ್ಟು, ಯಾವ ಪೆಡಲ್ ಒತ್ತಿದ, ಯಾವ ಕಂಪನಿಯ ಆಂಪ್ಲಿಫೈಯರ್ ಎಂದು ಪಿಸುಗುಟ್ಟುತ್ತಿದ್ದರು. ನನಗಂತೂ ಸ್ವರ್ಗವೇ ಸಿಕ್ಕಂತಾಗಿತ್ತು. ಆದರೆ ಜೊತೆಗೆ ಬಂದಿದ್ದ ಸಂಬಂಧಿಯ ಮಗ ಎರಡನೆಯ ಗಂಟೆಗೆ ಹೊರಗೆ ಹೋಗಿ ಕುಳಿತ. ವಾದಕರು ವಾದಕರಿಗಾಗಿ ನಡೆಸುವ ಸಭೆಗೆ ಹೊರಗಿನ ಕೇಳುಗ ಬರಲಿ ಎಂದು ಹಾರೈಸುವುದು, ಅಡುಗೆ ಭಟ್ಟರ ಸಭೆಗೆ ಊಟದವರು ಬರಲಿಲ್ಲ ಎಂದು ಕೊರಗಿದಂತೆ.

ಆದರೂ ಆ ವಾದಕರು ಕಾಲನ್ನು ನೋಡುತ್ತಿದ್ದರು ಎಂಬುದರಲ್ಲಿ ನನಗೆ ಉತ್ತರ ಸಿಕ್ಕಿತು. ನೋಡಬೇಕಾದದ್ದು ಇರುವುದೇ ಅಲ್ಲಿ, ಹೊರಗಿನ ಕೇಳುಗನಿಗೆ ಕಾಣದಿರುವುದೂ ಅದೇ. ವೇದಿಕೆ ಎತ್ತರದಲ್ಲಿ, ಕೇಳುಗ ತಗ್ಗಿನಲ್ಲಿ, ತಂತಿಗಳು ಆಕಾಶ ನೋಡುತ್ತಿವೆ, ಮುಂಭಾಗದ ಹಲಗೆ ಮಂಡಿಗಳನ್ನು ಮುಚ್ಚಿದೆ, ಪೆಡಲುಗಳಿಗೆ ಅಡ್ಡವಾಗಿ ಸ್ಪೀಕರ್ ಇಟ್ಟಿದ್ದಾರೆ, ಸಾಲದೆಂಬಂತೆ ಅದರ ಮುಂದೆ ಹೂಕುಂಡ. ಕೇಳುಗನ ಪಾಲಿಗೆ ಉಳಿದದ್ದು ಮೇಜಿನ ಮೇಲೆ ಬಗ್ಗಿ ಲೆಕ್ಕಪತ್ರ ನೋಡುತ್ತಿರುವಂತೆ ಕಾಣುವ ಒಬ್ಬ ಮುದುಕ. ಕೊಳಲಿನಲ್ಲಿ ಉಸಿರು ಕಾಣುತ್ತದೆ, ಮೃದಂಗದಲ್ಲಿ ಪೆಟ್ಟು ಕಾಣುತ್ತದೆ. ಇಲ್ಲಿ ನಾದಕ್ಕೂ ಶ್ರಮಕ್ಕೂ ಇರುವ ನಂಟು ಪೂರ್ತಿ ಮರೆ. ಆದ್ದರಿಂದ ನಾನು ವೇದಿಕೆ ಬಿಟ್ಟು ನೆಲಕ್ಕೆ ಇಳಿದೆ, ಕುರ್ಚಿಗಳ ಅರ್ಧದಷ್ಟನ್ನು ನನ್ನ ಬೆನ್ನ ಹಿಂದೆ ಹಾಕಿಸಿದೆ, ಕಾಲುಗಳ ಹತ್ತಿರ ಒಂದು ದೀಪವನ್ನೂ ವಾದ್ಯದ ಹೊಟ್ಟೆಯ ಕೆಳಗೆ ಓರೆಯಾಗಿ ಒಂದು ಕನ್ನಡಿಯನ್ನೂ ಇಟ್ಟೆ. ಮೊದಲ ಬಾರಿಗೆ ಯುವಕರು ವಿರಾಮದ ನಂತರವೂ ಉಳಿದರು. ಪೆಡಲ್ ಒತ್ತಿದಾಗ ಸರಳೊಂದು ಜಾರಿ ತಂತಿ ಏರುವುದು ಅವರ ಕಣ್ಣಿಗೆ ಬಿತ್ತು, ಏರಿದ್ದು ಕಿವಿಗೂ ಬಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರಿಗೆ ಹೋದವರು ಈ ಊರಿನಲ್ಲಿ ಕಡಿಮೆಯೇನಲ್ಲ; ಅವರಲ್ಲಿ ಕೆಲವರ ಮುಖದಲ್ಲಿ ಕಂಡ ಹಳೆಯ ಪ್ರೀತಿಯನ್ನು ನೋಡಿ ನನಗೇ ಮರುಕವಾಯಿತು.

ಮುಗಿದ ಮೇಲೆ ಅವರನ್ನು ಕುಳಿತು ನುಡಿಸಲು ಬಿಡುತ್ತೇನೆ. ಇ9 ಎಂಬ, ಈ ವಾದ್ಯಕ್ಕೆ ರೂಢಿಯ ಶ್ರುತಿಯಲ್ಲಿ ಮೂರು, ನಾಲ್ಕು, ಐದನೆಯ ತಂತಿಗಳನ್ನು ಒಟ್ಟಿಗೆ ಮೀಟಿ, ಎಡಗಾಲಿನಿಂದ ಮೊದಲ ಎರಡು ಪೆಡಲುಗಳನ್ನು ಒಟ್ಟಿಗೆ ಒತ್ತಿದರೆ ಎರಡು ತಂತಿಗಳು ಏರಿ, ನಡುವಿನದು ಅಲುಗದೆ, ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಕರಗಿ ಇನ್ನೊಂದಾಗುತ್ತದೆ. ಇದಕ್ಕೆ ಯಾವ ಅಭ್ಯಾಸವೂ ಬೇಡ. ಪಿಟೀಲಿನ ಮೊದಲ ದಿನ ಹೊರಡುವ ಕರ್ಕಶ ದನಿಯನ್ನು ನೆನೆದರೆ ಇದು ಎಷ್ಟು ದೊಡ್ಡ ವರವೆಂದು ತಿಳಿಯುತ್ತದೆ. ಮೂರನೆಯ ತಂತಿ ಬಹಳ ತೆಳು, ತುಂಡಾಗುವುದರಲ್ಲಿ ಅದರದ್ದೇ ಮೇಲುಗೈ. ಹೊಸಬರ ಉತ್ಸಾಹಕ್ಕೆ ಈವರೆಗೆ ಹಲವು ತಂತಿಗಳನ್ನು ತೆತ್ತಿದ್ದೇನೆ, ವಿದೇಶದಿಂದ ತರಿಸಬೇಕಾದರೂ ಅದನ್ನು ಪ್ರಚಾರದ ಖರ್ಚಿಗೆ ಬರೆದುಕೊಂಡಿದ್ದೇನೆ.

ಉಳಿದವು ಸಣ್ಣ ಸಂಗತಿಗಳು, ಆದರೂ ಹೇಳಬೇಕು. ಹಿಂದೊಮ್ಮೆ ಒಂದು ಸಂಸ್ಥೆಯವರು ನನ್ನನ್ನು ಕರೆದಿದ್ದರು: ದೀಪ ಬೆಳಗುವಿಕೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಮೂವರಿಗೆ ಶಾಲು, ಹಾರ, ಫಲತಾಂಬೂಲ, ಅಧ್ಯಕ್ಷರ ಭಾಷಣ. ನಾನು ಮೊದಲ ತಂತಿ ಮೀಟುವ ಹೊತ್ತಿಗೆ ಬಂದಿದ್ದ ಎಂಟು ಹತ್ತು ಯುವಕರಲ್ಲಿ ಒಬ್ಬನೇ ಉಳಿದಿದ್ದ, ಅವನೂ ಮೈಕಿನವನ ತಮ್ಮ. ರಂಗಶಂಕರದಲ್ಲಿ ನಾಟಕ ಗಡಿಯಾರದ ಮುಳ್ಳಿಗೆ ಆರಂಭವಾಗುತ್ತದೆ, ತಡವಾಗಿ ಬಂದವರಿಗೆ ಬಾಗಿಲಿಲ್ಲ. ಅಲ್ಲಿ ಯುವಕರಿಗೆ ಬರವಿಲ್ಲ. ಇಡೀ ರಾತ್ರಿಯ ಯಕ್ಷಗಾನವೇ ಕಾಲಮಿತಿಗೆ ಒಪ್ಪಿಕೊಂಡಿರುವಾಗ ನಾವು ಎಪ್ಪತ್ತೈದು ನಿಮಿಷಕ್ಕೆ ಒಪ್ಪದಿರಲು ಕಾರಣವಿಲ್ಲ. ವಾರದ ದಿನದ ಸಂಜೆ ಆರೂವರೆಗೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಸವನಗುಡಿಗೆ ಬನ್ನಿ ಎನ್ನುವುದು ಆಹ್ವಾನವಲ್ಲ, ಶಿಕ್ಷೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಮಾರ್ಗ ಆರಂಭವಾದ ಮೇಲೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಿದ್ದೇನೆ, ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಬರುವ ಮುಖಗಳು ಕಾಣತೊಡಗಿವೆ. ಬೆಳಗಿನ ಹೊತ್ತಾದ್ದರಿಂದ ದೋಸೆ ತಿಂದು ಬರುತ್ತಾರೆ, ಇದರ ಶ್ರೇಯಸ್ಸು ನನ್ನದಲ್ಲ, ಗಾಂಧಿ ಬಜಾರಿನದು.

ನುಡಿಸುವ ಸಂಗೀತದಲ್ಲಿ ನಾನು ಒಂದೇ ಬದಲಾವಣೆ ಮಾಡಿದ್ದೇನೆ. ಹಿಂದೆ ಹಳೆಯ ಕಂಟ್ರಿ ರಾಗಗಳನ್ನೇ ಒಂದರ ಹಿಂದೊಂದು ನುಡಿಸುತ್ತಿದ್ದೆ. ಈಗ ಅವುಗಳಲ್ಲಿ ಎರಡನ್ನು ಉಳಿಸಿಕೊಂಡು, ಚರ್ಚಿನ ವೇಗದ ಒಂದು ತುಣುಕು, ತಂಬೂರಿಯ ಶ್ರುತಿಯ ಮೇಲೆ ಇಪ್ಪತ್ತು ನಿಮಿಷದ ನಿಧಾನ ವಾದನ, ಮತ್ತೆ ಪರಿಚಯದ ಒಬ್ಬ ಹುಡುಗಿಯ ಲ್ಯಾಪ್‌ಟಾಪ್ ಸದ್ದುಗಳೊಂದಿಗೆ ಒಂದು ಜೋಡಿ ವಾದನ ಇಡುತ್ತೇನೆ. ಕೊನೆಯದು ನನಗೆ ಅಷ್ಟೇನೂ ರುಚಿಸಿಲ್ಲವೆಂದು ಒಪ್ಪಿಕೊಳ್ಳುತ್ತೇನೆ, ಆದರೆ ಅವಳು ವಾದ್ಯವನ್ನು ಕೇಳಿಸಿಕೊಳ್ಳುವ ರೀತಿ ನನಗಿಂತ ಸೂಕ್ಷ್ಮ.

ಹಿರಿಯರನ್ನು ಕಳೆದುಕೊಳ್ಳುವ ಭಯ ನನಗೂ ಇತ್ತು. ಹಿಂದೆ ಹಾಕಿಸಿದ ಕುರ್ಚಿಗಳನ್ನು ನೋಡಿ, ಮೊದಲಿನಿಂದಲೂ ತಪ್ಪದೆ ಬರುವ ನಿವೃತ್ತ ಮೇಷ್ಟ್ರೊಬ್ಬರು ನೇರವಾಗಿಯೇ ಹೇಳಿದರು: "ನೋಡಪ್ಪ, ಎರಡು ಬಸ್ಸು ಬದಲಿಸಿ ಬರುವವನು ನಾನು, ನಿನ್ನ ಬೆನ್ನು ನೋಡುವುದಕ್ಕಲ್ಲ." ಅವರಿಗೆ ಮುಂದಿನ ಸಾಲಿನಲ್ಲಿಯೇ ಜಾಗವಿದೆ ಎಂದು ತಿಳಿಸಿದೆ. ವಿರಾಮದಲ್ಲಿ ಕಾಫಿ ಲೋಟ ಹಿಡಿದುಕೊಂಡು ಹಿಂಭಾಗಕ್ಕೆ ಹೋದವರು ಕನ್ನಡಿಯ ಎದುರಿಗೆ ಒಬ್ಬ ಹುಡುಗನ ಪಕ್ಕ ಕುಳಿತರು, ಎರಡನೆಯ ಅರ್ಧ ಮುಗಿಯುವವರೆಗೂ ಏಳಲಿಲ್ಲ. ಕಳೆದ ಬಾರಿಯಂತೂ ಹತ್ತೂಮುಕ್ಕಾಲಿಗೇ ಬಂದು ಆ ಕುರ್ಚಿಯ ಮೇಲೆ ಕೊಡೆ ಇಟ್ಟು ಕಾದಿರಿಸಿದ್ದರು.