ಎರಡು ಮರಗಳ ನಡುವೆ ಮೂರು ರಾತ್ರಿ

ಹೊಳೆ ದಾಟಿ ಆಚೆ ದಡಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ನನ್ನ ತಮ್ಮ ಬೆನ್ನಿನ ಚೀಲ ಕೆಳಗಿಟ್ಟವನೇ ನೀರಿಗಿಳಿದ. ನಾನು ಮಾತ್ರ ಮರಗಳನ್ನು ನೋಡುತ್ತ ನಿಂತೆ. ನನ್ನ ಚೀಲದ ತಳದಲ್ಲಿ ನಾನೇ ಹೊಲಿದ ಜೋಲಿ, ಅಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಹ್ಯಾಮಕ್, ಇತ್ತು. ಹೊಲಿದು ತಿಂಗಳಾಗಿದ್ದರೂ ಅದರಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. ಈ ಮೂರು ದಿನದ ಕಾಡು ತಿರುಗಾಟಕ್ಕೆ ಹೊರಟದ್ದೇ ಅದರಲ್ಲಿ ಮಲಗಿ ನೋಡಬೇಕೆಂದು.

ಹೊಲಿಯುವುದು ಅಂಥ ಕಷ್ಟವಲ್ಲ. 3.3 ಮೀಟರ್ ಉದ್ದ, 1.5 ಮೀಟರ್ ಅಗಲದ ರಿಪ್‌ಸ್ಟಾಪ್ ನೈಲಾನ್ ಬಟ್ಟೆ ತಂದಿದ್ದೆ. ಅದರ ನೇಯ್ಗೆಯಲ್ಲಿ ಚೌಕಚೌಕವಾಗಿ ದಪ್ಪ ಎಳೆಗಳಿರುತ್ತವೆ. ಮುಳ್ಳು ತಾಗಿ ತೂತಾದರೂ ಹರುಕು ಸುಲಭವಾಗಿ ಮುಂದಕ್ಕೆ ಓಡುವುದಿಲ್ಲ. ಉದ್ದದ ಅಂಚುಗಳನ್ನು ಮಡಿಚಿ ಹೊಲಿದೆ. ಅಗಲದ ಎರಡು ತುದಿಗಳಲ್ಲಿ ಲಾಡಿ ಪೋಣಿಸುವಂಥ ಮಡಿಕೆ ಬಿಟ್ಟು, ಭಾರವೆಲ್ಲ ಅಲ್ಲೇ ಬೀಳುವುದರಿಂದ ಮೂರು ಸಾಲು ಹೊಲಿಗೆ ಹಾಕಿದೆ. ಒಳಗೆ ಹಗ್ಗ ತೂರಿಸಿ ಎಳೆದರೆ ಬಟ್ಟೆ ನೆರಿಗೆಗಟ್ಟಿ ಒಂದು ಹಿಡಿಯಷ್ಟಾಗುತ್ತದೆ. ಅಲ್ಲಿಗೆ ಜೋಲಿ ಸಿದ್ಧ. ಕಟ್ಟುವ ಕಲೆ ಬೇರೆಯೇ ಎಂದು ಗೊತ್ತಾಗಿದ್ದು ಆ ಹೊಳೆ ದಂಡೆಯಲ್ಲಿ.

ಮರ ಆರಿಸುವಾಗ ಮೊದಲು ಮೇಲೆ ನೋಡಬೇಕು, ಆಮೇಲೆ ಕಾಂಡ. ಒಣಗಿದ ಕೊಂಬೆ ತಲೆಯ ಮೇಲಿದ್ದರೆ ಎಷ್ಟೇ ಒಳ್ಳೆಯ ಜಾಗವಾದರೂ ಬಿಟ್ಟು ನಡೆಯಬೇಕು. ಕಾಂಡ ಗೇಣಿನಷ್ಟಾದರೂ ದಪ್ಪವಿರಬೇಕು, ಜೀವಂತವಿರಬೇಕು. ಅಂಥ ಎರಡು ಮರ ಸಿಕ್ಕವು. ಎರಡು ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿಗಳನ್ನು ಕಾಂಡಕ್ಕೆ ಸುತ್ತಿದೆ. ಬರಿಯ ಹಗ್ಗ ಸುತ್ತಿದರೆ ಅದು ತೊಗಟೆಯನ್ನು ಕೊರೆಯುತ್ತದೆ; ಮರಕ್ಕೆ ನೀರು, ಆಹಾರ ಸಾಗಿಸುವ ಪದರಗಳು ಅದರ ಹಿಂದೆಯೇ ಇರುತ್ತವೆ. ಪಟ್ಟಿಯಿಂದ ಜೋಲಿಯ ತನಕ ನೈಲಾನ್ ಹಗ್ಗ ಕಟ್ಟಿದೆ. ಮಂಚದ ಹಾಗೆ ಮಟ್ಟಸವಾಗಿರಲಿ ಎಂದು ಇದ್ದ ಬಲವೆಲ್ಲ ಹಾಕಿ ಬಿಗಿದೆ.

ತಮ್ಮ ಬಂದು ಬೆರಳಿನಿಂದ ಹಗ್ಗ ಮೀಟಿದ. "ಅಕ್ಕಾ, ಇದು ಬಿಲ್ಲಿನ ಹೆದೆ ಇದ್ದಂಗಿದೆಯಲ್ಲ!"

ಅವನು ಹೇಳಿದ್ದು ಸರಿಯಾಗಿತ್ತು. ಮಲಗಿದರೆ ಬಟ್ಟೆಯ ಅಂಚುಗಳು ಎರಡೂ ಕಡೆಯಿಂದ ಭುಜ ಒತ್ತಿದವು. ಮಗ್ಗುಲಾದರೆ ಮಗುಚಿ ಬೀಳುವ ಭಯ. ನಡುರಾತ್ರಿ ಇಬ್ಬನಿ ಬಿತ್ತು. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ಬೆಳಗಿನ ಜಾವ ಎಚ್ಚರವಾದಾಗ ನನ್ನ ಬೆನ್ನು ನೆಲ ಮುಟ್ಟಿತ್ತು.

ಎರಡನೆಯ ದಿನ ದಾರಿಯುದ್ದಕ್ಕೂ ಇದೇ ಮಾತು. ಏರು ಹತ್ತಿ ದಣಿದು ಕೂತಲ್ಲಿ ತಮ್ಮ ಕಡ್ಡಿ ಹಿಡಿದು ಮಣ್ಣಿನ ಮೇಲೆ ಲೆಕ್ಕ ಬರೆದ. ಅಕ್ಕನ ತೂಕ 60 ಕೆಜಿ ಎಂದಿಟ್ಟುಕೊಂಡ. ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಕೆಳಕ್ಕೆ ಇಳಿದಿದ್ದರೆ ಒಂದೊಂದು ಕಡೆಯ ಎಳೆತ ಸರಿಯಾಗಿ 60 ಕೆಜಿ. ಹತ್ತೇ ಡಿಗ್ರಿ ಇದ್ದರೆ 173. ಐದು ಡಿಗ್ರಿಗೆ ಬಿಗಿದರೆ 344! ನನ್ನ ಮೂರು ಸಾಲು ಹೊಲಿಗೆ ಅಷ್ಟನ್ನು ಹೊತ್ತುಕೊಂಡು ರಾತ್ರಿ ಕಳೆದಿತ್ತೆಂದು ತಿಳಿದು ಅದರ ಮೇಲೆ ಪ್ರೀತಿ ಬಂತು.

ಆ ಸಂಜೆಯ ಜಾಗ ಗುಡ್ಡದ ಓರೆಯಲ್ಲಿ, ಮರಗಳ ನಡುವೆ ನಾಲ್ಕೂವರೆ ಮೀಟರ್ ದೂರ. ನೈಲಾನ್ ಹಗ್ಗವನ್ನು ಪೂರ್ತಿ ತೆಗೆದು, ಸುತ್ತು ಕಡಿಮೆ ಮಾಡಿ ಪಟ್ಟಿಯನ್ನೇ ಜೋಲಿಯ ತನಕ ತಂದೆವು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಪಟ್ಟಿಯಲ್ಲಿ ಒಂದು ಸುರುಳಿ ತಿರುವಿ, ಹೆಬ್ಬೆರಳು ದಪ್ಪದ ಗಟ್ಟಿ ಕಡ್ಡಿ ತೂರಿಸಿ ಗಂಟು ಹಾಕಿದೆವು. ಜೋಲಿಯ ಕುಣಿಕೆಯನ್ನು ಕಡ್ಡಿ ದಾಟಿಸಿ ಗಂಟಿನ ಹಿಂದೆ, ಪಟ್ಟಿಯ ಮೇಲೆಯೇ ಕೂರಿಸಬೇಕು. ಕಡ್ಡಿಗೆ ಭಾರ ಬಿದ್ದರೆ ಅದು ಮುರಿದು ಎಲ್ಲವೂ ನೆಲಕ್ಕೆ. ಬೆಳಿಗ್ಗೆ ಕಡ್ಡಿ ಎಳೆದರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಈ ಗಂಟು ನನಗೆ ಎಷ್ಟು ಹಿಡಿಸಿತೆಂದರೆ ಕತ್ತಲಾಗುವ ತನಕ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ನೋಡಿದೆ.

ಕೋನ ನೋಡಲು ಸಾಧನ ಬೇಡ. ಹೆಬ್ಬೆರಳನ್ನೂ ತೋರುಬೆರಳನ್ನೂ ಪಿಸ್ತೂಲಿನಂತೆ ಚಾಚಿ, ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಗೆರೆ ಎಳೆದಂತೆ ಊಹಿಸಿಕೊಂಡರೆ ಆ ಇಳಿಜಾರು ಸುಮಾರು 30 ಡಿಗ್ರಿ. ಪಟ್ಟಿ ಆ ಇಳಿಜಾರಿಗೆ ಹೊಂದಬೇಕಾದರೆ 1.8 ಮೀಟರ್ ಎತ್ತರಕ್ಕೆ ಕಟ್ಟಬೇಕಾಯಿತು. ಕಾಲಿನ ಕಡೆಯನ್ನು ತಲೆಯ ಕಡೆಗಿಂತ ಒಂದು ಗೇಣು ಮೇಲಕ್ಕೆತ್ತಿದೆವು. ಮನುಷ್ಯನ ಭಾರ ಹೆಚ್ಚಿರುವುದು ಸೊಂಟದಿಂದ ಮೇಲೆ. ಎರಡೂ ಕಡೆ ಸಮ ಮಾಡಿದರೆ ಮೈ ನಿಧಾನಕ್ಕೆ ಕಾಲಿನ ಕಡೆಗೆ ಜಾರುತ್ತದೆ.

ಮೊದಲು ಕೈಯಿಂದ ಜಗ್ಗಿ, ಆಮೇಲೆ ಅರ್ಧ ಭಾರ ಬಿಟ್ಟು, ಕೊನೆಗೆ ಕೂತೆ. ಕುರ್ಚಿಯ ಎತ್ತರ. ಮಲಗಿ ತಲೆಯನ್ನು ನಡುಗೆರೆಯಿಂದ ಎಡಕ್ಕೆ, ಕಾಲುಗಳನ್ನು ಬಲಕ್ಕೆ ಸರಿಸಿದೆ. ಬಾಳೆಹಣ್ಣಿನಂತೆ ಬಾಗಿದ್ದ ಬೆನ್ನು ನೆಟ್ಟಗಾಯಿತು. ಓರೆಯಾಗಿ ಮಲಗಿದರೆ ಬಟ್ಟೆ ಮೈಯ ಕೆಳಗೆ ಅಗಲವಾಗಿ ಹರಡಿಕೊಳ್ಳುತ್ತದೆ. ಸಡಿಲ ಇದ್ದರೆ ಮಾತ್ರ ಓರೆಯಾಗಲು ಜಾಗ. ಬಿಗಿದ ಜೋಲಿ ನಡುಗೆರೆಯಿಂದ ಆಚೀಚೆ ಸರಿಯಲು ಬಿಡುವುದಿಲ್ಲ. ಹಿಂದಿನ ರಾತ್ರಿಯ ಸಂಕಟ ಅಲ್ಲಿ ಮಲಗಿಕೊಂಡಾಗ ಮೈಗೇ ಅರ್ಥವಾಯಿತು. ಹ್ಯಾಮಕ್ ಎಂಬ ಹೆಸರು ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತಿನಿಂದ ಸ್ಪ್ಯಾನಿಷ್ ಮೂಲಕ ಜಗತ್ತಿಗೆ ಬಂದದ್ದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಅವರು ಹತ್ತಿ ಹೆಣೆದ ಇಂಥ ಬಲೆಗಳಲ್ಲೇ ಮಲಗುತ್ತಿದ್ದರು.

ಮೊಣಕಾಲ ಕೆಳಗೆ ಮಾತ್ರ ಬಟ್ಟೆಯ ಒಂದು ಏಣು ಎದ್ದು ಮೀನಖಂಡವನ್ನು ಒತ್ತುತ್ತಿತ್ತು. ಕಾಲಿನ ಕಡೆಯ ಗಂಟನ್ನು ನಾಲ್ಕು ಬೆರಳು ಸಡಿಲಿಸಿದ ಮೇಲೆ ಅದೂ ತಗ್ಗಿತು. ಆದರೆ ಮೂರು ಗಂಟೆಗೆ ಬೆನ್ನಿನಿಂದ ಚಳಿ ಏರಿತು. ಸ್ಲೀಪಿಂಗ್ ಬ್ಯಾಗಿನ ತುಪ್ಪುಳ ನಮ್ಮದೇ ಭಾರಕ್ಕೆ ಅದುಮಿ ಹೋದಾಗ ಅದರಲ್ಲಿ ಬಿಸಿ ಹಿಡಿಯುವ ಗಾಳಿ ಉಳಿಯುವುದಿಲ್ಲ, ಕೆಳಗೆ ಬೀಸುವ ಗಾಳಿ ಇದ್ದ ಬಿಸಿಯನ್ನೂ ಒಯ್ಯುತ್ತದೆ. ತಮ್ಮ ಗೊಣಗದೆ ಎದ್ದು ತನ್ನ ಫೋಮ್ ಚಾಪೆ ಕೊಟ್ಟು, ತಾನು ಒಣ ಎಲೆ ಗುಡ್ಡೆ ಹಾಕಿಕೊಂಡು ಅದರ ಮೇಲೆ ಮಲಗಿದ. ಅವನ ಆ ಋಣ ನನ್ನ ಮೇಲಿದೆ.

ಮೂರನೆಯ ಸಂಜೆ ಮೋಡ ಕವಿದಿತ್ತು. ಸಿಕ್ಕ ಮರಗಳು ಆರು ಮೀಟರ್ ದೂರದವು. ದೂರ ಹೆಚ್ಚಿದಷ್ಟೂ ಪಟ್ಟಿ ಮೇಲಕ್ಕೇರಬೇಕು. ತಮ್ಮ ಬಂಡೆಯ ಮೇಲೆ ನಿಂತು ಕಟ್ಟಿದ. ಪ್ರತಿ ಸಲವೂ ಜೋಲಿಯ ಬಾಗು ಹೊಸದಾಗಿ ಹೊಂದಿಸುವುದು ಬೇಡವೆಂದು ಅದರ ಎರಡು ತುದಿಗಳ ನಡುವೆ ಒಂದು ಹಗ್ಗ ಕಟ್ಟಿದೆ, ಜೋಲಿಯ ಉದ್ದದ ನೂರರಲ್ಲಿ 83 ಪಾಲಿನಷ್ಟು, ಅಂದರೆ 2.74 ಮೀಟರ್. ಮರಗಳು ಹತ್ತಿರವಿರಲಿ, ದೂರವಿರಲಿ, ಆ ಹಗ್ಗ ತುದಿಗಳನ್ನು ಅದಕ್ಕಿಂತ ಆಚೆ ಹೋಗಗೊಡುವುದಿಲ್ಲ. ಒಳಗೆ ಮಲಗಿ ಎರಡು ಬೆರಳಿನಿಂದ ಹಿಡಿದು ಬಗ್ಗಿಸಿದರೆ ಅದು ಸ್ವಲ್ಪ ಬಗ್ಗಬೇಕು. ಗಡುಸಾಗಿದ್ದರೆ ಪಟ್ಟಿ ಬಿಗಿ ಹೆಚ್ಚಾಯಿತೆಂದು ಅರ್ಥ. ಟಾರ್ಚು, ಕನ್ನಡಕ ಎಲ್ಲ ಅದಕ್ಕೇ ನೇತು ಹಾಕಿದೆ.

ಮೇಲೆ ಟಾರ್ಪಾಲು ಕಟ್ಟಿ, ಅದರ ನೆರಳಿನೊಳಗೆ ಬರುವ ಕಡೆ ಎರಡೂ ಪಟ್ಟಿಗಳಿಗೆ ಗೇಣುದ್ದದ ಹತ್ತಿ ದಾರ ಕಟ್ಟಿ ಜೋತು ಬಿಟ್ಟೆ. ಹತ್ತು ಗಂಟೆಗೆ ಮಳೆ ಸುರಿಯಿತು. ಕಾಂಡದ ಮೇಲೆ ಇಳಿದ ನೀರು ಪಟ್ಟಿ ಹಿಡಿದು ನನ್ನ ಕಡೆಗೇ ಹರಿದು ಬಂತು. ಟಾರ್ಚು ಹಿಡಿದು ನೋಡುತ್ತ ಮಲಗಿದ್ದೆ. ನೀರು ದಾರದ ತನಕ ಬಂದು, ದಾರ ಹಿಡಿದು ಇಳಿದು, ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ದಾರದಿಂದ ಈಚೆ ಪಟ್ಟಿ ಮುಟ್ಟಿ ನೋಡಿದೆ. ಒಣಗಿತ್ತು.

"ನಿದ್ದೆ ಬಂತಾ ಅಕ್ಕಾ?" ಎಂದು ತಮ್ಮ ಕೆಳಗಿನಿಂದ ಕೇಳಿದ್ದು ನೆನಪಿದೆ, ಉತ್ತರ ಕೊಟ್ಟದ್ದು ನೆನಪಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿ ತೊಗಟೆ ಸವರಿ ನೋಡಿದೆ, ಗಾಯವಿರಲಿಲ್ಲ. ಹೊರಡುವ ಮೊದಲು ಚೀಲದಿಂದ ಸೂಜಿ ತೆಗೆದು, 2.74 ಮೀಟರಿನ ಆ ಹಗ್ಗದಲ್ಲಿ ಗಂಟು ಬಿದ್ದಿದ್ದ ಜಾಗಕ್ಕೆ ಕೆಂಪು ದಾರದ ನಾಲ್ಕು ಹೊಲಿಗೆ ಹಾಕಿದೆ.