ಕುದುರೆ ಗಬ್ಬ ನಿಂತ ಮೊದಲ ನೂರು ದಿನ: ಒಳಗೆ ಏನೇನಾಗುತ್ತೆ

ಹಸು ಎಮ್ಮೆ ಸಾಕಿ ಅಭ್ಯಾಸ ಇರೋರು ಹೆಣ್ಣುಕುದುರೆ ಕಟ್ಟಿಕೊಂಡಾಗ ನಮ್ಮಂಥ ಪಶುವೈದ್ಯರ ಜೊತೆ ಮೊದಲು ವಾದ ಮಾಡೋದು ಸ್ಕ್ಯಾನಿಂಗ್ ವಿಷಯಕ್ಕೆ. ಹಸುಗಾದ್ರೆ ಸೂಜಿ ಹಾಕಿಸಿದ್ವಿ, 21 ದಿನಕ್ಕೆ ತಿರುಗಿ ಬೆದೆಗೆ ಬರಲಿಲ್ಲ, ಎರಡು ಎರಡೂವರೆ ತಿಂಗಳಿಗೆ ಡಾಕ್ಟ್ರು ಕೈ ಹಾಕಿ ನೋಡಿ ಗಬ್ಬ ಅಂದ್ರು, ಮುಗೀತು, ಇದಕ್ಕೆ ಯಾಕೆ ಸಾರ್ 14ಕ್ಕೊಂದು 28ಕ್ಕೊಂದು 42ಕ್ಕೊಂದು ಅಂತ ಬರ್ತಾನೇ ಇರ್ತೀರಾ, ಬಿಲ್ ಮಾಡೋಕಾ? ಬಿಲ್ಲೂ ಆಗುತ್ತೆ ಬಿಡಿ. ಆದ್ರೆ ಆ ಒಂದೊಂದು ತಾರೀಖಿನ ಹಿಂದೆ ಗರ್ಭಕೋಶದಲ್ಲಿ ನಡೆಯೋ ಕೆಲಸ ಬೇರೆ ಬೇರೆ, ಅದನ್ನ ಕೇಳಿದ್ಮೇಲೆ ಸಾಮಾನ್ಯವಾಗಿ ಯಾರೂ ಜಗಳ ಆಡಲ್ಲ.

ಬೆದೇಲಿರುವಾಗ ಈಸ್ಟ್ರೋಜನ್ ಅನ್ನೋ ಹಾರ್ಮೋನು ಜಾಸ್ತಿ ಇರುತ್ತೆ, ಗರ್ಭಕೋಶದ ಒಳಪದರ ನೀರು ಹಿಡ್ಕೊಂಡು ಊದಿ ಸ್ಕ್ರೀನ್ ಮೇಲೆ ಅಡ್ಡ ಕೊಯ್ದ ಕಿತ್ತಳೆ ಹಣ್ಣಿನ ತರ ಕಾಣುತ್ತೆ. ಮೊಟ್ಟೆ ಬಿಡುಗಡೆ ಆದ್ಮೇಲೆ ಆ ಜಾಗದಲ್ಲಿ ಸಿಎಲ್ ಅಂತ ನಾವು ಕರೆಯೋ ಗ್ರಂಥಿ ಬೆಳೆದು ಗಬ್ಬ ಕಾಯೋ ಹಾರ್ಮೋನು ಪ್ರೊಜೆಸ್ಟರಾನ್ ಸುರಿಸೋಕೆ ಶುರು ಮಾಡುತ್ತೆ, ಊತ ಇಳಿಯುತ್ತೆ, ಗರ್ಭಕೋಶದ ಬಾಯಿ ಬಿಗಿಯುತ್ತೆ. ಭ್ರೂಣ ಮಾತ್ರ ಇನ್ನೂ ಅಂಡಾಶಯದಿಂದ ಗರ್ಭಕೋಶಕ್ಕೆ ಬರೋ ನಳಿಕೆಯಲ್ಲೇ ಇರುತ್ತೆ, ಐದಾರು ದಿನ. ಕುದುರೇಲಿ ವಿಚಿತ್ರ ಅಂದ್ರೆ ಫಲ ಕಟ್ಟದ ಮೊಟ್ಟೆಗಳು ಆ ನಳಿಕೆಯಲ್ಲೇ ತಿಂಗಳುಗಟ್ಟಲೆ ಬಿದ್ದಿರ್ತವೆ, ಫಲ ಕಟ್ಟಿದ್ದು ಮಾತ್ರ ಪ್ರೊಸ್ಟಾಗ್ಲಾಂಡಿನ್ ಇ2 ಅನ್ನೋದನ್ನ ತಾನೇ ಬಿಟ್ಟು ನಳಿಕೆ ಸಡಿಲಿಸಿಕೊಂಡು ಕೆಳಗಿಳಿಯುತ್ತೆ. ಅದಕ್ಕೇ ಎಂಬ್ರಿಯೋ ಟ್ರಾನ್ಸ್‌ಫರ್ ಮಾಡೋರು, ಅಂದ್ರೆ ಒಂದು ಕುದುರೆಯ ಭ್ರೂಣ ತೆಗೆದು ಇನ್ನೊಂದರ ಗರ್ಭಕೋಶಕ್ಕೆ ಹಾಕೋರು, ಏಳೆಂಟು ದಿನ ಆಗೋವರೆಗೂ ಕಾಯ್ತಾರೆ, ಅದಕ್ಕಿಂತ ಮುಂಚೆ ತೊಳೆದು ತೆಗೆಯೋಕೆ ಹೋದ್ರೆ ಗರ್ಭಕೋಶದಲ್ಲಿ ಏನೂ ಸಿಗಲ್ಲ. ಬಿಕಾನೇರ್‌ನ ಕುದುರೆ ಸಂಶೋಧನಾ ಕೇಂದ್ರದಲ್ಲಿ 2023ರಲ್ಲಿ ಹೀಗೆ ಬಾಡಿಗೆ ತಾಯಿಯಿಂದ ಮಾರ್ವಾಡಿ ತಳಿಯ ಮರಿ ಹುಟ್ಟಿಸಿದ್ರಲ್ಲ, ಅದೂ ಇದೇ ಲೆಕ್ಕದಲ್ಲೇ.

ಇನ್ನು ನನಗೆ ತುಂಬಾ ಇಷ್ಟದ ಭಾಗ. ಗರ್ಭಕೋಶಕ್ಕೆ ಬಂದ ಭ್ರೂಣ ಒಂದು ಕಡೆ ಅಂಟಿಕೊಳ್ಳಲ್ಲ. ಸುತ್ತ ಗಟ್ಟಿಯಾದ ಕ್ಯಾಪ್ಸೂಲ್ ಕಟ್ಕೊಂಡು ಗುಂಡಗೆ ಇರುತ್ತೆ, ಮೊಟ್ಟೆ ಬಿಡುಗಡೆಯಿಂದ ಲೆಕ್ಕ ಹಾಕಿದ್ರೆ ಸುಮಾರು 16ನೇ ದಿನದವರೆಗೂ ಈ ಕೊಂಬಿಂದ (ಗರ್ಭಕೋಶದ ಎರಡು ಕವಲುಗಳಿಗೆ ಕೊಂಬು ಅಂತೀವಿ) ಆ ಕೊಂಬಿಗೆ, ಮಧ್ಯದ ಭಾಗಕ್ಕೆ, ಮತ್ತೆ ವಾಪಸ್, ದಿನಕ್ಕೆ ಹತ್ತಾರು ಸಲ ಓಡಾಡುತ್ತೆ, ಓಡಾಡುತ್ತೆ ಅಂದ್ರೆ ಗರ್ಭಕೋಶದ ಮಾಂಸಖಂಡ ಹಿಂಡಿ ಹಿಂಡಿ ತಳ್ಳುತ್ತೆ. ಸುಮ್ನೆ ಅಲ್ಲ ಈ ತಿರುಗಾಟ. ಗಬ್ಬ ಇಲ್ಲ ಅಂದ್ರೆ 14ರಿಂದ 16ನೇ ದಿನದ ಹೊತ್ತಿಗೆ ಒಳಪದರ ಪ್ರೊಸ್ಟಾಗ್ಲಾಂಡಿನ್ ಎಫ್2 ಆಲ್ಫಾ ಬಿಟ್ಟು ಸಿಎಲ್ ಅನ್ನ ಕೊಂದು ಹಾಕುತ್ತೆ, ಅದನ್ನ ತಡೀಬೇಕು ಅಂದ್ರೆ ಭ್ರೂಣ ಗರ್ಭಕೋಶದ ಮೂಲೆ ಮೂಲೆಗೂ ಹೋಗಿ ನಾನಿದ್ದೀನಿ ಅಂತ ಹೇಳ್ಬೇಕು. ಒಂದೇ ಕೊಂಬಿನಲ್ಲಿ ಓಡಾಡೋ ಹಾಗೆ ಅಡ್ಡ ಕಟ್ಟಿ ಪ್ರಯೋಗ ಮಾಡಿದಾಗ ಗಬ್ಬ ಉಳೀಲೇ ಇಲ್ಲ. ಹಸುವಿನ ಭ್ರೂಣ ಇದೇ ಕೆಲಸಕ್ಕೆ ಇಂಟರ್‌ಫೆರಾನ್ ಟೌ ಅನ್ನೋ ಪ್ರೋಟೀನ್ ಬಳಸುತ್ತೆ ಅಂತ ಗೊತ್ತಿದೆ, ಕುದುರೆ ಭ್ರೂಣದ ಸಿಗ್ನಲ್ ಯಾವುದು ಅಂತ ಇವತ್ತಿಗೂ ವಿಜ್ಞಾನಿಗಳಿಗೆ ಸಿಕ್ಕಿಲ್ಲ.

ಆಮೇಲೆ ಗರ್ಭಕೋಶ ಬಿಗಿಯಾಗಿ ಟ್ಯೂಬಿನ ತರ ಕೈಗೆ ಸಿಗುತ್ತೆ, ಭ್ರೂಣ ಕೊಂಬಿನ ಬುಡದಲ್ಲಿ ಸಿಕ್ಕಿ ನಿಲ್ಲುತ್ತೆ. ನಾವು 14ಕ್ಕೆ ಬರೋದು ಇದಕ್ಕಿಂತ ಮುಂಚೆ ಅವಳಿ ಇದೆಯಾ ನೋಡೋಕೆ. ಥರೋಬ್ರೆಡ್ ಅನ್ನೋ ರೇಸ್ ಕುದುರೆ ತಳಿಯಲ್ಲಿ ಎರಡು ಮೊಟ್ಟೆ ಬಿಡೋದು ಅಪರೂಪ ಏನಲ್ಲ. ಮೇಕೆ ಸಾಕಿದೋರು ಎರಡು ಮರಿ ಲಾಭ ಅಲ್ವಾ ಅಂತಾರೆ, ಕುದುರೇಲಿ ಅದು ಪೂರಾ ನಷ್ಟ, ಮಾಸು ಇಡೀ ಗರ್ಭಕೋಶದ ಗೋಡೆಯನ್ನ ಹಿಡಿದ್ರೇನೇ ಒಂದು ಮರಿಗೆ ಸಾಕಾಗೋದು, ಹಂಚಿಕೊಂಡ್ರೆ ಹೆಚ್ಚಿನಂಶ ಏಳೆಂಟು ತಿಂಗಳಿಗೆ ಎರಡನ್ನೂ ಕಂದು ಹಾಕುತ್ತೆ. ಇನ್ನೂ ಓಡಾಡ್ತಿರುವಾಗ ಎರಡನ್ನ ಬೇರೆ ಮಾಡಿ ಒಂದನ್ನ ಹಿಂಡಿ ತೆಗೆಯೋದು ಸುಲಭ, ಒಂದೇ ಕಡೆ ಅಕ್ಕಪಕ್ಕ ನಿಂತ್ಮೇಲೆ ಕಷ್ಟ. ವಯಸ್ಸಾದ ಕುದುರೆಗಳಲ್ಲಿ ಸಿಸ್ಟ್, ಅಂದ್ರೆ ನೀರು ತುಂಬಿದ ಗುಳ್ಳೆ ಕೂಡ ಇದೇ ತರ ಕಪ್ಪು ಗುಂಡಾಗಿ ಕಾಣುತ್ತೆ, ಅದಕ್ಕೇ ಗಂಡು ಬಿಡೋ ಮುಂಚೇನೇ ಒಂದು ಸ್ಕ್ಯಾನ್ ಮಾಡಿಸಿ ಇಟ್ಕೊಳ್ಳಿ ಅಂತ ಹೇಳೋದು.

28ಕ್ಕೆ ನೋಡೋದು ಹೃದಯ ಬಡಿತ, 25ರ ಆಸುಪಾಸಿನಿಂದ ಕಾಣ್ಸುತ್ತೆ. ಗಬ್ಬ ಸರಿ ಇಲ್ಲ ಅಂದ್ರೆ ಅದೇ ಸೀಸನ್‌ನಲ್ಲಿ ಮತ್ತೆ ಬೆದೆಗೆ ತರೋಕೆ ಇದಾದ್ಮೇಲೆ ಒಂದು ಗಡುವಿದೆ, ಸುಮಾರು 36ನೇ ದಿನ, ಅವತ್ತಿನ ಹೊತ್ತಿಗೆ ಭ್ರೂಣದ ಸುತ್ತಲಿನ ಪಟ್ಟಿಯಿಂದ ಜೀವಕೋಶಗಳು ತಾಯಿಯ ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಎಂಡೋಮೆಟ್ರಿಯಲ್ ಕಪ್ ಅಂತ ಮನೆ ಮಾಡ್ಕೊಳ್ತವೆ. ಇವು ತಾಯಿಯ ಮೈಯಲ್ಲಿ ಬೇರೂರಿದ ಮರಿಯ ಜೀವಕೋಶಗಳು! ಅಲ್ಲಿಂದ ಬರೋದು ಇಸಿಜಿ, ಎದೆ ಮೇಲೆ ವೈರ್ ಇಟ್ಟು ತೆಗೆಯೋ ಇಸಿಜಿ ಅಲ್ಲ, ಹಳೇ ಹೆಸರು ಪಿಎಂಎಸ್‌ಜಿ ಅನ್ನೋ ಹಾರ್ಮೋನು, ಗಬ್ಬದ ಕುದುರೆ ರಕ್ತದಲ್ಲಿ ಇದಿದೆ ಅಂತ ಕೋಲ್ ಮತ್ತು ಹಾರ್ಟ್ ಅನ್ನೋ ವಿಜ್ಞಾನಿಗಳು 1930ರಲ್ಲೇ ತೋರಿಸಿದ್ರು. ಇದರ ಪ್ರಭಾವದಿಂದ ಅಂಡಾಶಯದಲ್ಲಿ ಇನ್ನಷ್ಟು ಸಿಎಲ್‌ಗಳು ಹುಟ್ಟಿ ಪ್ರೊಜೆಸ್ಟರಾನ್ ಮತ್ತೆ ಏರುತ್ತೆ, ಮಾಸು ತಾನೇ ಜವಾಬ್ದಾರಿ ತಗೊಳ್ಳೋವರೆಗೂ, ಅಂದ್ರೆ ನೂರು ದಿನದ ಹತ್ತಿರದವರೆಗೂ ಗಬ್ಬ ಕಾಯೋದು ಈ ಸಿಎಲ್‌ಗಳೇ. ಇಸಿಜಿ ತುತ್ತತುದಿಗೆ ಹೋಗೋದು 60, 70ನೇ ದಿನದ ಹೊತ್ತಿಗೆ, ಆಮೇಲೆ ತಾಯಿಯ ಬಿಳಿ ರಕ್ತಕಣಗಳು ಆ ಕಪ್‌ಗಳನ್ನ ಸುತ್ತುವರಿದು 120ರ ಸುಮಾರಿಗೆ ಕಿತ್ತು ಹಾಕ್ತವೆ. ಹೇಸರಗತ್ತೆ ಮರಿ ಹೊತ್ತಿರೋ ಕುದುರೇಲಿ ಈ ಹಾರ್ಮೋನು ತುಂಬಾ ಕಮ್ಮಿ ಇರುತ್ತೆ, ಮರಿಯ ತಳಿಗುಣದ ಮೇಲೂ ಇದು ನಿಂತಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ತೊಂದರೆ ಬರೋದು ಇಲ್ಲೇ, 42ಕ್ಕೆ ಮತ್ತೆ ನೋಡೋದೂ ಇದಕ್ಕೇ. 40 ದಿನ ದಾಟಿದ್ಮೇಲೆ ಮರಿ ಸತ್ರೂ ಕಪ್‌ಗಳು ಸಾಯಲ್ಲ, ಅವು ಪಾಡಿಗೆ ಅವು ಹಾರ್ಮೋನು ಬಿಡ್ತಾನೇ ಇರ್ತವೆ, ಕುದುರೆ ಸರಿಯಾಗಿ ಬೆದೆಗೆ ಬರಲ್ಲ, ಗಂಡು ಹತ್ತಿರ ಬಂದ್ರೆ ಒದೆಯುತ್ತೆ, ಮಾಲೀಕರು ಗಬ್ಬ ಅಂತ ನಿಶ್ಚಿಂತೆಯಾಗಿರ್ತಾರೆ, ಆ ವರ್ಷದ ಸೀಸನ್ ಹೋಗೇಬಿಡುತ್ತೆ. ಬೆದೆ ಕಾಣ್ತಿಲ್ಲ ಅಂತ ಸ್ಕ್ಯಾನ್ ಮಾಡಿಸದೆ ಪಿಜಿ (ಪ್ರೊಸ್ಟಾಗ್ಲಾಂಡಿನ್) ಇಂಜೆಕ್ಷನ್ ಹಾಕಿಸೋದು ಇದಕ್ಕಿಂತ ಕೆಟ್ಟದ್ದು, ಎಳೇ ಗಬ್ಬ ಇದ್ರೆ ಸಿಎಲ್ ಸತ್ತು ಅದೂ ಹೋಯ್ತು. ಇಸಿಜಿ ನೋಡೋ ರಕ್ತ ಪರೀಕ್ಷೆ ಕಿಟ್‌ಗಳೂ ಇವೆ, ಸ್ಕ್ಯಾನ್ ಮೆಷಿನ್ ಇಲ್ಲದ ಊರಿಗೆ ಒಳ್ಳೇದೇ, ಆದ್ರೆ ಅದು ಹೇಳೋದು ಕಪ್ ಇದೆ ಅಂತ, ಮರಿ ಬದುಕಿದೆ ಅಂತಲ್ಲ, ಹಾಗಾಗಿ ಪಾಸಿಟಿವ್ ಬಂದ್ರೂ 60ರ ಹೊತ್ತಿಗೆ ಒಂದ್ಸಲ ಮೆಷಿನ್ ಇರೋರನ್ನ ಕರೆಸಿ.